ಏಳು ವರ್ಷದ ಲೆಕ್ಕ: ಕಾಲೇಜಿನ ಸೀಟೂ ನೆಲೆಯ ಪುರಾವೆಯೂ

ಮಿರ್ದಿಫ್‌ನ ನಮ್ಮ ಕನ್ನಡ ಕುಟುಂಬಗಳಲ್ಲಿ ಮಕ್ಕಳು ಎಂಟು-ಒಂಬತ್ತನೆಯ ತರಗತಿಗೆ ಬಂದೊಡನೆ ಒಂದು ಪ್ರಶ್ನೆ ತಲೆಯೆತ್ತುತ್ತದೆ: ಊರಿನ ಕಾಲೇಜಿನಲ್ಲಿ ನಮ್ಮ ಮಗು ಕರ್ನಾಟಕದ್ದೇ, ಹೊರಗಿನದೇ? ಉತ್ತರವನ್ನು ಅನುಸರಿಸಿ ಶುಲ್ಕ ಹಲವು ಪಟ್ಟು ಬದಲಾಗುತ್ತದೆ. ಈ ಪ್ರಶ್ನೆಗೆ ಎಪ್ಪತ್ತು ವರ್ಷಗಳ ಇತಿಹಾಸವಿದೆ.

ಮೊದಲ ದೊಡ್ಡ ತೀರ್ಪು ಬಂದುದು 1955ರಲ್ಲಿ. ಇಂದೋರಿನ ಮಹಾತ್ಮ ಗಾಂಧಿ ಸ್ಮಾರಕ ವೈದ್ಯಕೀಯ ಕಾಲೇಜು ಮಧ್ಯಭಾರತದ ನಿವಾಸಿಗಳನ್ನು ಬಿಟ್ಟು ಉಳಿದವರಿಂದ ಕ್ಯಾಪಿಟೇಶನ್ ಶುಲ್ಕ ಪಡೆಯುತ್ತಿತ್ತು. ದೆಹಲಿಯ ವಿದ್ಯಾರ್ಥಿ ಡಿ. ಪಿ. ಜೋಶಿ ಇದನ್ನು ಪ್ರಶ್ನಿಸಿದರು. ಸಂವಿಧಾನ ನಿಷೇಧಿಸಿರುವುದು ಹುಟ್ಟಿದ ಸ್ಥಳದ ಆಧಾರದ ಭೇದವನ್ನು. ವಾಸಸ್ಥಳ ಬೇರೆ ಮಾತು ಎಂದು ಸುಪ್ರೀಂ ಕೋರ್ಟಿನ ಬಹುಮತ ಹೇಳಿತು. ಅಂದಿನಿಂದ ನಿರ್ಣಾಯಕವಾದುದು ತೊಟ್ಟಿಲಲ್ಲ, ನೆಲೆ.

ನಮ್ಮ ನಾಡಿನ ಸರದಿ 1971ರಲ್ಲಿ ಬಂತು. ಆಗಿನ ಮೈಸೂರು ರಾಜ್ಯದ ಸರ್ಕಾರಿ ವೈದ್ಯಕೀಯ ಕಾಲೇಜುಗಳ ನಿಯಮದಂತೆ ಅಭ್ಯರ್ಥಿಯು ರಾಜ್ಯದಲ್ಲಿ ಕನಿಷ್ಠ 10 ವರ್ಷ ನೆಲೆಸಿರಬೇಕಿತ್ತು. ಎನ್. ವಸುಂಧರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ನಿಯಮವನ್ನು ಎತ್ತಿಹಿಡಿಯಿತು. ರಾಜ್ಯದ ಹಣದಿಂದ ಸಿದ್ಧವಾದ ವೈದ್ಯರು ರಾಜ್ಯದ ಜನಕ್ಕೆ ದೊರೆಯಬೇಕೆಂಬುದು ಅದರ ಹಿಂದಿನ ತರ್ಕ. ಉದ್ಯೋಗಕ್ಕಾಗಿ ಹೊರಗೆ ಅಲೆಯಬೇಕಾದ ತಂದೆತಾಯಿಗಳ ಮಕ್ಕಳ ಗತಿಯೇನು ಎಂಬ ವಾದವೂ ಅಲ್ಲಿ ಬಂದಿತ್ತು. ಯಾವ ನಿಯಮವೇ ಆಗಲಿ ಕೆಲವರಿಗೆ ಕಷ್ಟವಾದೀತು, ಅಷ್ಟರಿಂದಲೇ ಅದು ಅಸಾಂವಿಧಾನಿಕವಾಗದು ಎಂಬುದು ನ್ಯಾಯಾಲಯದ ಉತ್ತರ. ಕೊಲ್ಲಿಯಲ್ಲಿ ದುಡಿಯುವ ನಾವೆಲ್ಲರೂ ಆ 'ಕೆಲವರ' ಸಾಲಿನಲ್ಲಿ ನಿಂತವರೇ.

ಮುಂದೆ 1989ರ ಜೂನ್ 5ರ ಕರ್ನಾಟಕ ಸರ್ಕಾರದ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಮೂರು ದರಗಳನ್ನು ಗೊತ್ತುಮಾಡಿತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ತುಮಕೂರಿನ ಕಾಲೇಜೊಂದರಲ್ಲಿ ಈ ಮೊತ್ತ ಕೊಡಲಾಗದ ಮೀರತ್‌ನ ಮೋಹಿನಿ ಜೈನ್ ನ್ಯಾಯಾಲಯಕ್ಕೆ ಹೋದರು. 1992ರ ತೀರ್ಪು ಇದನ್ನು ಕ್ಯಾಪಿಟೇಶನ್ ಶುಲ್ಕವೆಂದೇ ಪರಿಗಣಿಸಿ ರದ್ದುಗೊಳಿಸಿತು. 1993ರ ಉನ್ನಿಕೃಷ್ಣನ್ ತೀರ್ಪಿನ ಬೆನ್ನಿಗೆ, 1994ರಲ್ಲಿ, ಸಾಮಾನ್ಯ ಪ್ರವೇಶ ಪರೀಕ್ಷೆ ಅರ್ಥಾತ್ ಸಿಇಟಿ ಬಂತು.

ಇಂದು ಸರ್ಕಾರಿ ಸೀಟುಗಳ ಅರ್ಹತೆಯನ್ನು ನಿರ್ಧರಿಸುವುದು 2006ರ ನಿಯಮಗಳು. ಅವುಗಳ ಮುಖ್ಯ ಷರತ್ತು ಓದಿನದು: ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ವ್ಯಾಸಂಗ, ಜೊತೆಗೆ ಎಸ್‌ಎಸ್‌ಎಲ್‌ಸಿ ಅಥವಾ ದ್ವಿತೀಯ ಪಿಯುಸಿಯನ್ನು ಅಲ್ಲಿಯೇ ಉತ್ತೀರ್ಣವಾಗಿರುವುದು. ಮಗು ಹೊರಗೆ ಬೆಳೆದಿದ್ದರೆ ಇನ್ನೊಂದು ದಾರಿಯಿದೆ: ಪಿಯುಸಿಯ ಎರಡೂ ವರ್ಷ ಕರ್ನಾಟಕದಲ್ಲಿ ಓದಿ, ತಂದೆ ಅಥವಾ ತಾಯಿ ಅಲ್ಲಿ 7 ವರ್ಷ ಓದಿದ್ದನ್ನು ರುಜುವಾತುಪಡಿಸುವುದು. ಕಾಸರಗೋಡಿನಂಥ ಗಡಿನಾಡಿನವರಿಗೂ ಹೊರನಾಡ ಕನ್ನಡಿಗರಿಗೂ ಪ್ರತ್ಯೇಕ ಷರತ್ತುಗಳಿದ್ದು, ಅಲ್ಲಿ ಮಾತೃಭಾಷೆಗೂ ಬೆಲೆಯಿದೆ.

ಕೊಲ್ಲಿಯ ದುಡಿಮೆಯನ್ನು ಗುರುತಿಸಿದ ವ್ಯವಸ್ಥೆಯೂ ಇಲ್ಲದಿಲ್ಲ. ಎನ್‌ಐಟಿಗಳಂಥ ಸಂಸ್ಥೆಗಳ 'ಡಾಸಾ' ಪ್ರವೇಶದೊಳಗೆ ಕೊಲ್ಲಿಯ ಭಾರತೀಯ ಕಾರ್ಮಿಕರ ಮಕ್ಕಳಿಗೆಂದೇ 'ಸಿಐಡಬ್ಲ್ಯುಜಿ' ವರ್ಗವಿದೆ. ಅವರ ಬೋಧನಾ ಶುಲ್ಕ ನಿವಾಸಿ ಭಾರತೀಯರದರಷ್ಟೇ. ಖಾಸಗಿ ಕಾಲೇಜುಗಳಲ್ಲಿ ಎನ್‌ಆರ್‌ಐ ಸೀಟು ಶೇ. 15ನ್ನು ಮೀರಬಾರದೆಂದು 2005ರ ಇನಾಮ್ದಾರ್ ತೀರ್ಪು ಮಿತಿ ಹಾಕಿತು. ಅದರ ಶುಲ್ಕವಾದರೋ ಭಾರಿಯೇ.

ವಾಸದ ನಿಯಮವೂ ಶಾಶ್ವತವಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ವೈದ್ಯಕೀಯ ಸ್ನಾತಕೋತ್ತರ ಸೀಟುಗಳಲ್ಲಿ ವಾಸಸ್ಥಳಾಧಾರಿತ ಮೀಸಲಾತಿ ಸಲ್ಲದೆಂದಿತು. ಎಂಬಿಬಿಎಸ್ ಮಟ್ಟದಲ್ಲಿ ಅದು ಒಂದು ಮಿತಿಯವರೆಗೆ ಉಳಿದಿದೆ.

ಈ ಇತಿಹಾಸ ಹೇಳುವುದಿಷ್ಟೆ: ಮನೆಯಲ್ಲಿ ಕನ್ನಡವಾಡುವುದು, ಊರಿನಲ್ಲಿ ಜಮೀನಿರುವುದು, ವರ್ಷಕ್ಕೊಮ್ಮೆ ಜಾತ್ರೆಗೆ ಹೋಗುವುದು ನಂಟಿಗೆ ಸಾಕ್ಷಿ, ಸೀಟಿಗೆ ಬೇಕಾದುದು ಶಾಲೆಯ ದಾಖಲೆ. ಆದ್ದರಿಂದ ತಂದೆತಾಯಿಗಳು ತಮ್ಮ ಹಳೆಯ ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ ಪಡೆದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಹಾಕಿಸಿ ಇಟ್ಟುಕೊಳ್ಳುವುದು ಒಳಿತು. ಪಿಯುಸಿಗೆ ಊರಿಗೆ ಕಳುಹಿಸಬೇಕೇ ಎಂಬ ತೀರ್ಮಾನ ಹತ್ತನೆಯ ತರಗತಿ ಮುಗಿಯುವ ಮೊದಲೇ ಆಗಬೇಕು. ಹನ್ನೆರಡನೆಯದನ್ನು ದುಬೈಯಲ್ಲಿ ಮುಗಿಸಿದ ಮೇಲೆ ಆ ದಾರಿ ಮುಚ್ಚಿರುತ್ತದೆ. ನಿಯಮಗಳು ವರ್ಷವರ್ಷ ತಿದ್ದುಪಡಿಯಾಗುವುದರಿಂದ ಆಯಾ ಸಾಲಿನ ಮಾಹಿತಿ ಪುಸ್ತಿಕೆಯನ್ನು ಓದಿಯೇ ಮುಂದುವರಿಯಿರಿ.