ಬಂದವರು, ಉಳಿದವರು, ಹಣ ಕೊಟ್ಟವರು: ಜೆರೋಧಾದ ಬೆಲೆ ನೀತಿಯ ವಿಶ್ಲೇಷಣೆ

ಗ್ರಾಹಕರನ್ನು ಸೆಳೆಯುವುದು, ದರ ನಿಗದಿ ಮಾಡುವುದು, ಬಂದವರನ್ನು ಉಳಿಸಿಕೊಳ್ಳುವುದು: ನವೋದ್ಯಮಗಳಲ್ಲಿ ಇವು ಬೇರೆ ಬೇರೆ ವಿಭಾಗಗಳ ಹೊಣೆ. ವಾಸ್ತವದಲ್ಲಿ ಉಳಿದೆರಡರ ಸ್ವರೂಪವನ್ನು ಬಹುಮಟ್ಟಿಗೆ ದರವೇ ತೀರ್ಮಾನಿಸುತ್ತದೆ. ಹಾಗಾಗಿ ಎಷ್ಟು ಮಂದಿ ಉಳಿದರು ಎನ್ನುವುದಕ್ಕಿಂತ ಯಾರು, ಏಕೆ ಉಳಿದರು ಎನ್ನುವುದೇ ಮುಖ್ಯ ಎಂಬುದು ಈ ಲೇಖನದ ವಾದ. ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆ ಜೆರೋಧಾ ಇದಕ್ಕೆ ನಿದರ್ಶನ.

ನಿತಿನ್ ಕಾಮತ್ ಮತ್ತು ನಿಖಿಲ್ ಕಾಮತ್ ಸಹೋದರರು 2010ರಲ್ಲಿ ಹೊರಗಿನ ಬಂಡವಾಳವಿಲ್ಲದೆ ಈ ಸಂಸ್ಥೆಯನ್ನು ಕಟ್ಟಿದಾಗ, ವಹಿವಾಟಿನ ಮೊತ್ತದ ಮೇಲೆ ಶೇಕಡಾವಾರು ದಲ್ಲಾಳಿ ಶುಲ್ಕ ಪಡೆಯುವುದೇ ರೂಢಿಯಾಗಿತ್ತು. ಶೇ 0.5ರ ದರವಿದ್ದರೆ ₹2 ಲಕ್ಷದ ಷೇರು ಕೊಂಡವರು ₹1,000 ತೆರಬೇಕು. ಜೆರೋಧಾ ಆರ್ಡರ್ ಒಂದಕ್ಕೆ ಗರಿಷ್ಠ ₹20 ಎಂದಿತು. 2015ರ ಡಿಸೆಂಬರ್‌ನಲ್ಲಿ ಡೆಲಿವರಿ ಖರೀದಿಗೆ, ಅಂದರೆ ಷೇರನ್ನು ಕೊಂಡು ಖಾತೆಯಲ್ಲೇ ಇಟ್ಟುಕೊಳ್ಳುವ ಖರೀದಿಗೆ, ಅದನ್ನೂ ಕೈಬಿಟ್ಟಿತು. ಇತರರು ಜಾಹೀರಾತಿಗೆ ಸುರಿಯುತ್ತಿದ್ದ ಹಣ ಇಲ್ಲಿ ದರ ಕಡಿತದ ರೂಪ ತಳೆಯಿತು. ಸಂಸ್ಥೆಯ ಕಲಿಕಾ ತಾಣ 'ವಾರ್ಸಿಟಿ'ಯ ಉಚಿತ ಪಾಠಗಳು ಹೊಸಬರನ್ನು ಕರೆತಂದವು. ಆದರೂ ಖಾತೆ ತೆರೆಯಲು ಬಹುಕಾಲ ₹200 ಶುಲ್ಕವಿತ್ತು. ಸುಮ್ಮನೆ ಖಾತೆ ತೆರೆದು ಮರೆತುಬಿಡುವವರನ್ನು ಬಾಗಿಲಲ್ಲೇ ಸೋಸುವ ಜರಡಿ ಅದು.

ತೊಡಕಿರುವುದು ಮುಂದೆ. ಷೇರು ಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳುವವರು ದಲ್ಲಾಳಿ ಶುಲ್ಕ ಕೊಡುವುದಿಲ್ಲ. ಪದೇ ಪದೇ ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಮುಂದಿನ ಬೆಲೆಯನ್ನು ಆಧರಿಸಿದ ಒಪ್ಪಂದಗಳ) ವಹಿವಾಟು ನಡೆಸುವವರು ಪ್ರತಿ ಆರ್ಡರ್‌ಗೂ ಕೊಡುತ್ತಾರೆ. ಮೊದಲಿನವರ ನಿಷ್ಠೆಯ ವೆಚ್ಚವನ್ನು ಎರಡನೆಯವರ ಚಟುವಟಿಕೆ ಭರಿಸುತ್ತದೆ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಭಾಗದ ವೈಯಕ್ತಿಕ ವಹಿವಾಟುದಾರರಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದ್ದರು. ಸತತ ಎರಡು ವರ್ಷ ಕಳೆದುಕೊಂಡವರಲ್ಲೂ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ವಹಿವಾಟು ಬಿಟ್ಟಿರಲಿಲ್ಲ. ಇದು ಇಡೀ ಮಾರುಕಟ್ಟೆಯ ಚಿತ್ರ, ಒಂದು ಸಂಸ್ಥೆಯದ್ದಲ್ಲ. ಆದರೂ ಗ್ರಾಹಕ ಉಳಿದಿದ್ದಾನೆ ಎಂದ ಮಾತ್ರಕ್ಕೆ ಅವನಿಗೆ ಲಾಭವಾಗಿದೆ ಎನ್ನಲಾಗದು ಎಂಬುದಕ್ಕೆ ಇಷ್ಟು ಸಾಕು.

ಅಪಾಯದ ಆರ್ಡರ್‌ಗೆ ಮೊದಲೇ ಎಚ್ಚರಿಸುವ 'ನಡ್ಜ್', ಗ್ರಾಹಕನೇ ತನ್ನ ವಹಿವಾಟನ್ನು ತಡೆಹಿಡಿದುಕೊಳ್ಳಲು 'ಕಿಲ್ ಸ್ವಿಚ್' ಸೌಲಭ್ಯಗಳನ್ನು ಜೆರೋಧಾ ಒದಗಿಸಿದೆ. ಇಂದಿನ ಆದಾಯವನ್ನು ತುಸು ಬಿಟ್ಟುಕೊಟ್ಟು ನಾಳೆಯ ಗ್ರಾಹಕನನ್ನು ಕಾಯ್ದುಕೊಳ್ಳುವ ಕ್ರಮಗಳಿವು. ಆದರೆ ಆದಾಯ ಆರ್ಡರ್‌ಗಳ ಸಂಖ್ಯೆಗೇ ಅಂಟಿಕೊಂಡಿರುವವರೆಗೆ ಅವುಗಳ ಪರಿಣಾಮ ಸೀಮಿತ.

ಆದ್ದರಿಂದ ಸರಾಸರಿ ಲೆಕ್ಕ ನವೋದ್ಯಮಿಯ ದಾರಿ ತಪ್ಪಿಸಬಲ್ಲದು. ಸೆಳೆಯಲು ತಗಲಿದ ವೆಚ್ಚ, ಬಂದ ಆದಾಯ, ಉಳಿದ ಅವಧಿ ಮೂರನ್ನೂ ಹಣ ಕೊಡುವವರು, ಕೊಡದವರು ಎಂದು ವಿಂಗಡಿಸಿ ನೋಡಬೇಕು. ಆದಾಯ ತರುವ ಗ್ರಾಹಕನೇ ಸೋಲುತ್ತಿದ್ದರೆ ಪರಿಹಾರ ಇನ್ನಷ್ಟು ಜನರನ್ನು ಸೆಳೆಯುವುದರಲ್ಲಿಲ್ಲ, ದರದ ಮರುರಚನೆಯಲ್ಲಿದೆ.