ಸ್ಕ್ರಿಪ್ಟ್‌ನೊಳಗಿಂದ ಬಾಹ್ಯ ತಂತ್ರಾಂಶದ ಚಾಲನೆ: ಕನ್ನಡ ಪುಟಗಳು ಕಳೆಯದಿರಲು ಏನು ಮಾಡಬೇಕು?

ಕೊಪ್ಪಳ: ಒಂಬತ್ತನೇ ಶತಮಾನದ 'ಕವಿರಾಜಮಾರ್ಗ'ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಹೆಸರಿಸುವ ಕೊಪಣ ನಗರವೇ ಇಂದಿನ ಕೊಪ್ಪಳ ಎಂಬುದು ವಿದ್ವಾಂಸರ ಅಭಿಮತ. ಇಲ್ಲಿನ ಗವಿಮಠ ಹಾಗೂ ಪಾಲ್ಕಿಗುಂಡುವಿನ ಅಶೋಕನ ಶಾಸನಗಳು ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಉಳಿದಿವೆ. ಆದರೆ ಕಾಗದದ ಮೇಲೆ ಅಚ್ಚಾದ ಕನ್ನಡಕ್ಕೆ ಅಂತಹ ಆಯುಷ್ಯವಿಲ್ಲ. ಹೀಗಾಗಿ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಹುಡುಕಲು ಬರುವ ಪಠ್ಯವಾಗಿ ಪರಿವರ್ತಿಸುವ ಕಾರ್ಯ ಮಹತ್ವ ಪಡೆದಿದೆ.

ಈ ಕಾರ್ಯಕ್ಕೆ ಉಚಿತವಾಗಿ ದೊರೆಯುವ ಪ್ರಮುಖ ತಂತ್ರಾಂಶ 'ಟೆಸರಾಕ್ಟ್'. ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಇದು 2005ರಲ್ಲಿ ಮುಕ್ತ ತಂತ್ರಾಂಶವಾಯಿತು. ಕನ್ನಡವನ್ನೂ ಓದಬಲ್ಲದು. ಆದರೆ ಇದು ಪಿಡಿಎಫ್ ಕಡತವನ್ನು ನೇರವಾಗಿ ಸ್ವೀಕರಿಸದು. ಮೊದಲು 'ಪಿಡಿಎಫ್‌ಟುಪಿಪಿಎಂ' ಎಂಬ ಇನ್ನೊಂದು ತಂತ್ರಾಂಶದಿಂದ ಪ್ರತಿ ಪುಟವನ್ನೂ ಚಿತ್ರವಾಗಿಸಬೇಕು. ಮುನ್ನೂರು ಪುಟದ ಪುಸ್ತಕಕ್ಕೆ ಮುನ್ನೂರು ಬಾರಿ ಆದೇಶ ಟೈಪಿಸುವುದು ಅಸಾಧ್ಯವಾದ್ದರಿಂದ ಆ ಹೊಣೆಯನ್ನು ಸ್ಕ್ರಿಪ್ಟ್‌ಗೆ ವಹಿಸಲಾಗುತ್ತದೆ.

ಕಾರ್ಯವಿಧಾನ

ಸ್ಕ್ರಿಪ್ಟ್ ಬಾಹ್ಯ ತಂತ್ರಾಂಶವನ್ನು ಕರೆದಾಗ ಕಾರ್ಯಾಚರಣ ವ್ಯವಸ್ಥೆಯು ಹೊಸದೊಂದು ಪ್ರಕ್ರಿಯೆಯನ್ನು ಆರಂಭಿಸುತ್ತದೆ. ಅದಕ್ಕೆ ಮೂರು ವಾಹಿನಿಗಳಿರುತ್ತವೆ: ಒಳಹರಿವು, ಹೊರಹರಿವು ಮತ್ತು ದೋಷ ಸಂದೇಶ. ಕೆಲಸ ಮುಗಿದ ಬಳಿಕ ಅದು ಒಂದು ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಸೊನ್ನೆ ಬಂದರೆ ಯಶಸ್ಸು, ಬೇರಾವುದೇ ಸಂಖ್ಯೆ ಬಂದರೆ ಸಾಮಾನ್ಯವಾಗಿ ವೈಫಲ್ಯ. ಯುನಿಕ್ಸ್ ಮಾದರಿಯ ಶೆಲ್‌ನಲ್ಲಿ 127 ಎಂದರೆ ಆದೇಶವೇ ಸಿಗಲಿಲ್ಲ ಎಂದರ್ಥ.

ಪೈಥಾನ್ ಭಾಷೆಯಲ್ಲಿ ಇದಕ್ಕಾಗಿ 2004ರ 2.4 ಆವೃತ್ತಿಯಲ್ಲಿ 'ಸಬ್‌ಪ್ರೊಸೆಸ್' ಘಟಕವನ್ನೂ, 2015ರ 3.5 ಆವೃತ್ತಿಯಲ್ಲಿ ಅದರ ಸರಳ ರೂಪವಾದ 'ರನ್' ಅನ್ನೂ ಸೇರಿಸಲಾಯಿತು.

ಎಡವುವುದೆಲ್ಲಿ?

* ಕಡತದ ಹೆಸರು: 'ಕೊಪ್ಪಳ ಜಾತ್ರೆ' ಎಂಬ ಹೆಸರನ್ನು ಆದೇಶದ ಸಾಲಿಗೆ ಹಾಗೆಯೇ ಜೋಡಿಸಿದರೆ ಶೆಲ್ ಅದನ್ನು ಎರಡು ಕಡತಗಳೆಂದು ಭಾವಿಸುತ್ತದೆ. ಹೆಸರಿನಲ್ಲಿ ಅರ್ಧವಿರಾಮ ಚಿಹ್ನೆಯಿದ್ದರೆ ಮುಂದಿನ ಭಾಗವನ್ನು ಹೊಸ ಆದೇಶವಾಗಿ ನಡೆಸುತ್ತದೆ. ಅಪರಿಚಿತರು ಕಳುಹಿಸಿದ ಕಡತವಾದರೆ ಇಡೀ ಸಂಗ್ರಹವೇ ಅಳಿಸಿಹೋಗಬಹುದು. ಶೆಲ್‌ನ ನೆರವಿಲ್ಲದೆ ಆದೇಶ ಮತ್ತು ಕಡತದ ಹೆಸರುಗಳನ್ನು ಪ್ರತ್ಯೇಕ ಪಟ್ಟಿಯಾಗಿ ನೀಡುವುದೇ ಪರಿಹಾರ.

* ಅಕ್ಷರ ಸಂಕೇತ: ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಹೊರಹರಿವನ್ನು ಓದುವಾಗ ಯುಟಿಎಫ್-8 ಎಂದು ಸ್ಪಷ್ಟಪಡಿಸದಿದ್ದರೆ ಕೆಲವು ಗಣಕಗಳಲ್ಲಿ ಪಠ್ಯ ಕಲಸುಮೇಲೋಗರವಾಗುತ್ತದೆ. ಪಿಎಚ್‌ಪಿ ಭಾಷೆಯಲ್ಲಿ ಹೆಸರುಗಳನ್ನು ಸುರಕ್ಷಿತಗೊಳಿಸುವ 'ಎಸ್ಕೇಪ್‌ಶೆಲ್‌ಆರ್ಗ್', ಗಣಕದ ಭಾಷಾ ವ್ಯವಸ್ಥೆ 'ಸಿ' ಎಂದಿದ್ದರೆ ಕನ್ನಡ ಅಕ್ಷರಗಳನ್ನೇ ಕಿತ್ತುಹಾಕುತ್ತದೆ.

* ಸ್ತಬ್ಧಗೊಳ್ಳುವಿಕೆ: ಲಿನಕ್ಸ್‌ನಲ್ಲಿ ಪೈಪ್‌ನ ಸಾಮರ್ಥ್ಯ ಸಾಮಾನ್ಯವಾಗಿ 65,536 ಬೈಟ್. ಹೊರಹರಿವನ್ನು ಓದದೆ ಸ್ಕ್ರಿಪ್ಟ್ ಸುಮ್ಮನೆ ಕಾಯುತ್ತಿದ್ದರೆ ಪೈಪ್ ತುಂಬಿ ಎರಡೂ ನಿಂತುಬಿಡುತ್ತವೆ. 'ರನ್' ಮೂಲಕ ಹೊರಹರಿವನ್ನು ಪಡೆದರೆ ಈ ತೊಡಕಿಲ್ಲ. ಕಾಲಮಿತಿ ನಿಗದಿಪಡಿಸುವುದೂ ಒಳಿತು.

ಮೌನ ವೈಫಲ್ಯವೇ ಅಪಾಯ

ಇವೆಲ್ಲಕ್ಕಿಂತ ದೊಡ್ಡ ನಷ್ಟ ತರುವುದು ಹಿಂದಿರುಗಿದ ಸಂಖ್ಯೆಯ ಕಡೆಗಣನೆ. 147ನೇ ಪುಟದಲ್ಲಿ ಟೆಸರಾಕ್ಟ್ ವಿಫಲವಾದರೂ ಸ್ಕ್ರಿಪ್ಟ್ 148ಕ್ಕೆ ಸಾಗುತ್ತದೆ. ಕೊನೆಯಲ್ಲಿ ಎಲ್ಲವೂ ಸರಿಯಿದ್ದಂತೆಯೇ ಕಾಣುತ್ತದೆ. ಮೂಲ ಪ್ರತಿ ಶಿಥಿಲವಾದ ಬಳಿಕ ಲೋಪ ತಿಳಿದರೆ ಆ ಪುಟ ಮರಳಿ ಬಾರದು. 'ರನ್'ಗೆ 'ಚೆಕ್' ಆಯ್ಕೆ ನೀಡಿದರೆ ವೈಫಲ್ಯವಾದ ಕೂಡಲೇ ಸ್ಕ್ರಿಪ್ಟ್ ನಿಲ್ಲುತ್ತದೆ. ದೋಷ ಸಂದೇಶಗಳನ್ನು ಪ್ರತ್ಯೇಕ ಕಡತದಲ್ಲಿ ದಾಖಲಿಸಬೇಕು.

ಸೊನ್ನೆ ಬಂದಿತೆಂದ ಮಾತ್ರಕ್ಕೆ ಅಕ್ಷರಗಳೆಲ್ಲ ಸರಿಯಾಗಿವೆ ಎಂದಲ್ಲ. ಮಸುಕಾದ ಪುಟದಿಂದ ಖಾಲಿ ಕಡತವೂ ಹೊರಬರಬಹುದು. ಆದ್ದರಿಂದ ಕೆಲಸ ಮುಗಿದ ಮೇಲೆ ಒಳಹೋದ ಪುಟಗಳನ್ನೂ ಹೊರಬಂದ ಕಡತಗಳನ್ನೂ ಎಣಿಸಿ ಹೋಲಿಸಬೇಕು, ಖಾಲಿ ಕಡತಗಳನ್ನು ಮತ್ತೆ ಪರಿಶೀಲಿಸಬೇಕು. ಅಲ್ಲಿಯವರೆಗೆ ಮೂಲ ಸ್ಕ್ಯಾನ್ ಪ್ರತಿಯನ್ನು ಅಳಿಸಬಾರದು.