ಓಟದ ಬಯಲು, ಶರ್ಯತ್ತಿನ ದಾರಿ

ಇಂಗ್ಲೆಂಡಿನ ಚೆಸ್ಟರ್ ಪಟ್ಟಣದ ಕೋಟೆಗೋಡೆಯ ಕೆಳಗೆ, ಡೀ ನದಿಯು ಬಳಸಿ ಹರಿಯುವ ತಗ್ಗಿನಲ್ಲಿ, ರೂಡೀ ಎಂಬ ಹುಲ್ಲುಬಯಲೊಂದಿದೆ. ಹಬ್ಬದ ದಿನ ಅಲ್ಲಿ ನಡೆಯುತ್ತಿದ್ದ ಕಾಲ್ಚೆಂಡಾಟವು ರಕ್ತಪಾತಕ್ಕೆ ತಿರುಗುವುದನ್ನು ಕಂಡು ಅದನ್ನು ನಿಷೇಧಿಸಿದ ಪುರಪ್ರಮುಖರು, 1539ರಲ್ಲಿ ಅದೇ ಬಯಲನ್ನು ಕುದುರೆಯ ಓಟಕ್ಕೆ ಬಿಟ್ಟುಕೊಟ್ಟರು. ಇಂದಿಗೂ ಅಲ್ಲಿ ಕುದುರೆಗಳು ಓಡುತ್ತಿವೆ. 1711ರಲ್ಲಿ ಆನ್ ರಾಣಿಯು ಆಸ್ಕಟ್‌ನ ಬಯಲನ್ನು ಆರಿಸಿದಳು. 1780ರಲ್ಲಿ ಎಪ್ಸಮ್ಮಿನ ದಿಬ್ಬದ ಮೇಲೆ ಡರ್ಬಿ ಎಂಬ ಓಟವು ಪ್ರಾರಂಭವಾಯಿತು. ಓಟದ ಚರಿತ್ರೆಯೆಂದರೆ ಕುದುರೆಗಳ ವಂಶಾವಳಿ ಮಾತ್ರವಲ್ಲ, ನೆಲವನ್ನು ಯಾರು ಕೊಟ್ಟರು, ಎಷ್ಟು ಕಾಲಕ್ಕೆ ಕೊಟ್ಟರು ಎಂಬುದರ ಚರಿತ್ರೆಯೂ ಹೌದೆಂದು ನಾನು ಭಾವಿಸುತ್ತೇನೆ.

ಕುದುರೆಗಾಗಿ ಆಂಗ್ಲರೂ ನಾವೂ ಪಶ್ಚಿಮ ಏಷ್ಯದ ಕಡೆಗೇ ಕೈಚಾಚಿದವರು. 1704ರಲ್ಲಿ ಅಲೆಪ್ಪೋದಿಂದ ಇಂಗ್ಲೆಂಡಿಗೆ ಹೋದ ಡಾರ್ಲಿ ಅರೇಬಿಯನ್ ಎಂಬ ಗಂಡುಕುದುರೆಯು ಪಂದ್ಯದ ತಳಿಯ ಮೂಲಪುರುಷರಲ್ಲಿ ಒಂದಾಯಿತು. ಅದಕ್ಕೂ ಎರಡು ಶತಮಾನ ಮೊದಲೇ ವಿಜಯನಗರದ ಅರಸರು ಭಟ್ಕಳದ ರೇವಿನಲ್ಲಿಳಿದ ಅರಬ್ಬೀ ಕುದುರೆಗಳನ್ನು ಅಪಾರ ಬೆಲೆ ತೆತ್ತು ಕೊಳ್ಳುತ್ತಿದ್ದರು. ಅವು ಯುದ್ಧಕ್ಕಾಗಿ ಬಂದವು, ಯುದ್ಧದಲ್ಲಿಯೇ ಕಳೆದುಹೋದವು.

ಆಂಗ್ಲರು ತಮ್ಮ ಓಟದ ಪದ್ಧತಿಯನ್ನು 1777ರಲ್ಲಿ ಮದರಾಸಿನ ಗಿಂಡಿಗೆ ತಂದರು. ಮೈಸೂರು ಸಂಸ್ಥಾನದಲ್ಲಿ 1891ರಲ್ಲಿ ರೇಸ್ ಕ್ಲಬ್ಬು ಸ್ಥಾಪಿತವಾಯಿತು. ಕುಣಿಗಲ್ಲಿನಲ್ಲಿ ಟೀಪುವಿನ ಸೈನ್ಯಕ್ಕೆ ಅಶ್ವಗಳನ್ನು ಸಾಕಿದ ನೆಲವೇ ಮುಂದೆ ಪಂದ್ಯದ ಕುದುರೆಗಳ ಫಾರ್ಮಾಯಿತು.

ಆದರೆ ಶ್ರೀಕೃಷ್ಣ ಪಾರಿಜಾತವೆಂಬ ಬಯಲಾಟವನ್ನು ನಾಡಿಗೆಲ್ಲ ಪರಿಚಯಿಸಿದ ತಮ್ಮಣ್ಣನ ಊರಾದ ಕುಲಗೋಡದ ಸುತ್ತಮುತ್ತ, ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿಯ ಸೀಮೆಯಲ್ಲಿ, ಕುದುರೆಯ ವೈಭವಕ್ಕೆ ಅರಸನೂ ಇಲ್ಲ, ಕ್ಲಬ್ಬೂ ಇಲ್ಲ, ಇರುವುದು ಜಾತ್ರೆ. ದೇವರ ಕಾರ್ಯದ ಜೊತೆಗೆ ಶರ್ಯತ್ತು ನಿಗದಿಯಾಗುತ್ತದೆ: ಜೋಡೆತ್ತಿನ ಗಾಡಿ, ಜೋಡುಕುದುರೆಯ ಗಾಡಿ, ಮತ್ತು ನೋಡಿದವರಲ್ಲದೆ ಇತರರು ನಂಬಲಾರದಂಥ, ಒಂದೇ ನೊಗಕ್ಕೆ ಒಂದು ಎತ್ತು ಒಂದು ಕುದುರೆ ಹೂಡಿದ ಗಾಡಿ. ನೇಗಿಲಿನ ಪ್ರಾಣಿಯೂ ಸವಾರಿಯ ಪ್ರಾಣಿಯೂ ಹೆಜ್ಜೆಗೆ ಹೆಜ್ಜೆ ಕೂಡಿಸುವಂತೆ ಪಳಗಿಸಿದ ಒಕ್ಕಲಿಗನ ತಾಳ್ಮೆಯನ್ನು ಯಾವ ಡರ್ಬಿಯ ವಿಜಯಕ್ಕೂ ಕಡಿಮೆಯೆಂದು ನಾನು ಎಣಿಸಲಾರೆ. ಇಕ್ಕೆಲಗಳಲ್ಲಿ ಕಬ್ಬಿನ ಹೊಲ, ನಡುವೆ ದಾರಿ, ದಾರಿಯ ಅಂಚಿಗೆ ಒತ್ತರಿಸಿ ನಿಂತ ಜನ, ಹಲಗೆಯ ನಾದ. ಗೆದ್ದು ಬಂದ ಪ್ರಾಣಿಗಳ ಹಣೆಗೆ ಭಂಡಾರ, ಒಡೆಯನಿಗೆ ಢಾಲು ಮತ್ತು ಹಣ. ಮರುದಿನ ಅದೇ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಗುತ್ತವೆ. ಅಲ್ಲೊಂದು ಸ್ಪರ್ಧೆ ನಡೆದಿತ್ತೆಂಬುದಕ್ಕೆ ಗುರುತೂ ಉಳಿಯುವುದಿಲ್ಲ.

2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಎತ್ತಿನ ಗಾಡಿಯ ಓಟವನ್ನು ನಿಷೇಧಿಸಿತು. ಕರ್ನಾಟಕವು 2017ರಲ್ಲಿ ಕಂಬಳಕ್ಕೂ ಎತ್ತಿನ ಗಾಡಿಗೂ ಅನುಕೂಲವಾಗುವಂತೆ ಕಾಯಿದೆಯನ್ನು ತಿದ್ದಿತು. 2023ರ ಮೇ 18ರಂದು ಅದೇ ನ್ಯಾಯಾಲಯದ ಸಂವಿಧಾನಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕಾನೂನಿನ ವಿವಾದವು ಹೀಗೆ ಶಮನಗೊಂಡರೂ ಪ್ರಾಣಿಯ ಕಾಲಿನ ಪ್ರಶ್ನೆ ಉಳಿದೇ ಇದೆ. ಹಿಂದೆ ಮಣ್ಣಾಗಿದ್ದ ದಾರಿಗಳು ಡಾಂಬರನ್ನು ಹೊದ್ದಿವೆ. ಹುಲ್ಲಿನ ಮೇಲೆ ಓಡುವ ಆಸ್ಕಟ್‌ನ ಅಶ್ವಕ್ಕೆ ದೊರೆಯುವ ಮೃದುತ್ವವು ನಮ್ಮ ಗಾಡಿಯ ಕುದುರೆಗೆ ದೊರೆಯದು, ಜಾರಿ ಬಿದ್ದ ಕುದುರೆಯ ಮೊಣಕಾಲು ಮತ್ತೆ ಮೊದಲಿನಂತಾಗುವುದೂ ಅಪರೂಪ. ಚೆಸ್ಟರಿನ ಪುರಪ್ರಮುಖರು ಕೊಟ್ಟದ್ದು ಊರಿನ ಸಾಮಾನ್ಯ ಬಯಲನ್ನು. ನಮ್ಮ ಪಂಚಾಯತಿಗಳ ವಶದಲ್ಲಿಯೂ ಗಾಯರಾಣ, ಎಂದರೆ ಗೋಮಾಳ, ಇನ್ನೂ ಅಲ್ಲಲ್ಲಿ ಉಳಿದಿದೆ, ಮತ್ತು ಅದರ ಒಂದು ಉದ್ದನೆಯ ಪಟ್ಟಿಯನ್ನು ಹದಮಾಡಿ ಶರ್ಯತ್ತಿಗೆಂದು ಶಾಶ್ವತವಾಗಿ ಮೀಸಲಿಡುವುದು ಅಸಾಧ್ಯವಾದ ಕಾರ್ಯವೇನಲ್ಲ.